ಕಾಲಮ್ ಇದೆ, ಹುಡುಕಿದರೆ ಸಿಗುವುದಿಲ್ಲ: ಅರ್ಧ ಹೆಸರಿನಿಂದ ಕಾಲಮ್ ಹುಡುಕುವಾಗ ಎದುರಾಗುವ ದೋಷಗಳ ನಿವಾರಣೆ

ಹಲವು ವರ್ಷಗಳಿಂದ ಹಲವರ ಕೈಯಲ್ಲಿ ಬೆಳೆದುಬಂದ ಡೇಟಾಬೇಸ್‌ನಲ್ಲಿ ಮೊಬೈಲ್ ಸಂಖ್ಯೆ ಯಾವ ಯಾವ ಟೇಬಲ್‌ಗಳಲ್ಲಿ ಕುಳಿತಿದೆ ಎಂದು ಪತ್ತೆಹಚ್ಚಬೇಕಾದಾಗ ಕಾಲಮ್‌ನ ಪೂರ್ತಿ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆಗ ಹೆಸರಿನ ಒಂದು ತುಣುಕನ್ನು ಹಿಡಿದು ಡೇಟಾಬೇಸ್‌ನ ಕ್ಯಾಟಲಾಗ್‌ನಲ್ಲಿ ಹುಡುಕುವುದು ಸರಿಯಾದ ದಾರಿಯೇ ಆಗಿದೆ. ಕ್ಯಾಟಲಾಗ್ ಎಂದರೆ ತನ್ನಲ್ಲಿರುವ ಟೇಬಲ್ ಮತ್ತು ಕಾಲಮ್‌ಗಳ ಬಗ್ಗೆ ಡೇಟಾಬೇಸ್ ತಾನೇ ಇಟ್ಟುಕೊಳ್ಳುವ ಪಟ್ಟಿ. ತೊಂದರೆ ಇರುವುದು ಆ ಹುಡುಕಾಟ ಸೊನ್ನೆ ಸಾಲುಗಳನ್ನು ಕೊಟ್ಟಾಗ. ಕ್ವೆರಿಯಲ್ಲಿ ವ್ಯಾಕರಣ ದೋಷವಿದ್ದರೆ ಡೇಟಾಬೇಸ್ ಕೂಡಲೇ ಹೇಳುತ್ತದೆ. ಆದರೆ ತಪ್ಪು ಜಾಗದಲ್ಲಿ, ಸಾಲದ ಅನುಮತಿಯೊಂದಿಗೆ ಅಥವಾ ತಪ್ಪು ಮಾದರಿಯಿಂದ ಹುಡುಕಿದರೆ ಯಾವ ಎಚ್ಚರಿಕೆಯೂ ಇಲ್ಲದೆ ಖಾಲಿ ಫಲಿತಾಂಶ ಬರುತ್ತದೆ, ನೋಡಿದವರು ಅಂಥ ಕಾಲಮ್ ಇಲ್ಲವೆಂದು ಬರೆದುಕೊಂಡು ಮುಂದೆ ಹೋಗುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ವ್ಯಕ್ತಿಗೆ ಇರುವಾಗ, ಹೀಗೆ ಕಣ್ತಪ್ಪಿದ ಒಂದು ಕಾಲಮ್ ಎಂದರೆ ಅಳಿಸದೆ ಉಳಿದ ಒಬ್ಬರ ದೂರವಾಣಿ ಸಂಖ್ಯೆ. ಆದ್ದರಿಂದ ಖಾಲಿ ಫಲಿತಾಂಶವನ್ನು ಉತ್ತರವೆಂದು ಒಪ್ಪಿಕೊಳ್ಳುವ ಮೊದಲು ಅದನ್ನು ಒಂದು ದೋಷವೆಂದೇ ಭಾವಿಸಿ ಪರೀಕ್ಷಿಸಬೇಕು.

ಈ ಬರಹದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಮುಖ್ಯವಾಗಿ ಇಟ್ಟುಕೊಂಡು, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ವ್ಯತ್ಯಾಸ ಇರುವಲ್ಲಿ ಮಾತ್ರ ಅವುಗಳನ್ನು ಹೇಳಲಾಗಿದೆ. ಕ್ವೆರಿಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ, ಆಜ್ಞೆಗಳನ್ನೂ ಕ್ಯಾಟಲಾಗ್ ಹೆಸರುಗಳನ್ನೂ 'ಮಾಬ್' ಎಂಬಂಥ ಇಂಗ್ಲಿಷ್ ಹೆಸರಿನ ತುಣುಕುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಎಲ್ಲದಕ್ಕೂ ಆಧಾರವಾಗುವ ಕ್ವೆರಿ ಇದು (ಶೇಕಡಾ ಚಿಹ್ನೆ ಇರುವ ಜಾಗದಲ್ಲಿ ಎಷ್ಟು ಅಕ್ಷರಗಳಿದ್ದರೂ, ಒಂದೂ ಇಲ್ಲದಿದ್ದರೂ ಹೊಂದುತ್ತದೆ; ಹೀಗೆ ಕೊಡುವ ತುಣುಕನ್ನೇ ಇಲ್ಲಿ ಮಾದರಿ ಎನ್ನಲಾಗಿದೆ):

ಸೆಲೆಕ್ಟ್ ಟೇಬಲ್_ಸ್ಕೀಮಾ, ಟೇಬಲ್_ನೇಮ್, ಕಾಲಮ್_ನೇಮ್ ಫ್ರಮ್ ಇನ್ಫರ್ಮೇಶನ್_ಸ್ಕೀಮಾ.ಕಾಲಮ್ಸ್ ವೇರ್ ಕಾಲಮ್_ನೇಮ್ ಐಲೈಕ್ '%ಮಾಬ್%';

ಇನ್ಫರ್ಮೇಶನ್ ಸ್ಕೀಮಾ ಎಂಬುದು ಎಸ್‌ಕ್ಯೂಎಲ್ ಮಾನಕದ 1992ರ ಆವೃತ್ತಿಯಿಂದ ಬಂದ, ಕ್ಯಾಟಲಾಗನ್ನು ಓದುವ ವ್ಯವಸ್ಥೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಅದನ್ನು ಒದಗಿಸುತ್ತವೆ, ಒರಾಕಲ್ ಮತ್ತು ಎಸ್‌ಕ್ಯೂಲೈಟ್ ಒದಗಿಸುವುದಿಲ್ಲ. ಒರಾಕಲ್‌ನಲ್ಲಿ ಆಲ್_ಟ್ಯಾಬ್_ಕಾಲಮ್ಸ್ ಎಂಬ ವ್ಯೂ (ಟೇಬಲ್‌ನಂತೆಯೇ ಓದಬಹುದಾದ, ಉಳಿಸಿಟ್ಟ ಕ್ವೆರಿ) ಈ ಕೆಲಸ ಮಾಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಎಸ್‌ಕ್ಯೂಲೈಟ್_ಮಾಸ್ಟರ್ ಟೇಬಲನ್ನು ಪ್ರಾಗ್ಮಾ_ಟೇಬಲ್_ಇನ್ಫೊ ಫಂಕ್ಷನ್‌ಗೆ ಜೋಡಿಸಿ ಹುಡುಕಬೇಕಾಗುತ್ತದೆ, ಅಲ್ಲಿ ಲೆಕ್ಕಹಾಕಿ ತುಂಬುವ ಜನರೇಟೆಡ್ ಕಾಲಮ್‌ಗಳು ಕಾಣಬೇಕಾದರೆ ಟೇಬಲ್_ಎಕ್ಸ್‌ಇನ್ಫೊ ಎಂಬುದನ್ನೇ ಬಳಸಬೇಕು.

ಮೊದಲು ನಿಂತಿರುವ ಜಾಗವನ್ನು ಖಚಿತಪಡಿಸಿಕೊಳ್ಳಿ

ಮಾದರಿಯನ್ನು ತಿದ್ದಲು ಹೊರಡುವ ಮೊದಲು, ಕರೆಂಟ್_ಡೇಟಾಬೇಸ್ ಮತ್ತು ಕರೆಂಟ್_ಯೂಸರ್ ಏನು ಹೇಳುತ್ತವೆ ಎಂದು ಅದೇ ಸಂಪರ್ಕದಲ್ಲಿ ಕೇಳಿ ನೋಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಂಪರ್ಕ ಒಂದೇ ಡೇಟಾಬೇಸ್‌ಗೆ ಸೇರಿದ್ದು, ಪಕ್ಕದ ಡೇಟಾಬೇಸ್‌ನ ಕಾಲಮ್‌ಗಳು ಅದರ ಇನ್ಫರ್ಮೇಶನ್ ಸ್ಕೀಮಾದಲ್ಲಿ ಎಂದಿಗೂ ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿಯೂ ಈ ವ್ಯೂಗಳು ಆಗ ಬಳಕೆಯಲ್ಲಿರುವ ಡೇಟಾಬೇಸ್‌ಗಷ್ಟೇ ಸೀಮಿತ. ಮೈಎಸ್‌ಕ್ಯೂಎಲ್‌ನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ: ಸರ್ವರ್‌ನ ಎಲ್ಲ ಡೇಟಾಬೇಸ್‌ಗಳ ಕಾಲಮ್‌ಗಳೂ ಒಟ್ಟಿಗೆ ಬರುತ್ತವೆ, ಹೀಗಾಗಿ ಟೇಬಲ್_ಸ್ಕೀಮಾ ಎಂಬುದನ್ನು ಫಲಿತಾಂಶದಲ್ಲಿ ತೋರಿಸದಿದ್ದರೆ ಪರೀಕ್ಷಾ ಡೇಟಾಬೇಸ್‌ನ ಕಾಲಮನ್ನು ನಿಜವಾದದ್ದೆಂದು ತಿಳಿಯುವ ಅಪಾಯವಿದೆ.

ಕಾಲಮನ್ನು ಸಹೋದ್ಯೋಗಿ ಈಗಷ್ಟೇ ಸೇರಿಸಿದ್ದಾಗಿ ಹೇಳುತ್ತಿದ್ದರೆ ಇನ್ನೊಂದು ಸಾಧ್ಯತೆಯನ್ನು ನೋಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಟೇಬಲ್ ಆಜ್ಞೆಯೂ ಟ್ರಾನ್ಸಾಕ್ಷನ್‌ನ ಒಳಗೇ ನಡೆಯುವುದರಿಂದ, ಅವರು ಕಮಿಟ್ ಮಾಡಿ ಬದಲಾವಣೆಯನ್ನು ಖಾಯಂಗೊಳಿಸುವವರೆಗೆ ಅವರ ಕಿಟಕಿಯಲ್ಲಿ ಕಾಣುವ ಕಾಲಮ್ ನಿಮ್ಮ ಕ್ಯಾಟಲಾಗ್ ಹುಡುಕಾಟದಲ್ಲಿ ಕಾಣುವುದಿಲ್ಲ. ಇದಕ್ಕೆ ಒಂದು ಗುರುತಿದೆ: ಕ್ಯಾಟಲಾಗ್ ಕ್ವೆರಿ ತಕ್ಷಣ ಹಳೆಯ ಉತ್ತರ ಕೊಡುತ್ತದೆ, ಆದರೆ ಅದೇ ಟೇಬಲ್ ಮೇಲೆ ಸಾಮಾನ್ಯ ಸೆಲೆಕ್ಟ್ ಕೊಟ್ಟರೆ ಲಾಕ್‌ಗಾಗಿ ಕಾಯುತ್ತ ನಿಲ್ಲುತ್ತದೆ. ಓದುವ ಕೆಲಸಕ್ಕೆಂದು ಇಟ್ಟ ನಕಲು (ರೆಪ್ಲಿಕಾ) ಸರ್ವರ್‌ಗೆ ಸಂಪರ್ಕಿಸಿದ್ದರೆ, ಬದಲಾವಣೆ ಅಲ್ಲಿಗೆ ಇನ್ನೂ ತಲುಪಿಲ್ಲದಿರುವುದೂ ಸಾಧ್ಯ.

ಅನುಮತಿ ಇಲ್ಲದ ಕಾಲಮ್ ಇಲ್ಲವಾದಂತೆ ಕಾಣುತ್ತದೆ

ಇಡೀ ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ತೂಕ ಕೊಡುವುದು ಈ ಹಂತಕ್ಕೆ, ಏಕೆಂದರೆ ಇಲ್ಲಿ ಕ್ವೆರಿ ಸಂಪೂರ್ಣ ಸರಿಯಾಗಿದ್ದೂ ಉತ್ತರ ತಪ್ಪಾಗಿರುತ್ತದೆ. ಇನ್ಫರ್ಮೇಶನ್ ಸ್ಕೀಮಾ ಎಂಬುದು ಡೇಟಾಬೇಸ್‌ನಲ್ಲಿ ಏನೇನಿದೆ ಎಂಬುದರ ಪಟ್ಟಿಯಲ್ಲ. ಈ ಬಳಕೆದಾರನಿಗೆ ಏನೇನು ದಕ್ಕುತ್ತದೆ ಎಂಬುದರ ಪಟ್ಟಿ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ನ ಮಾಲೀಕತ್ವವಾಗಲಿ, ಆ ಕಾಲಮ್ ಮೇಲೆ ಯಾವುದಾದರೂ ಒಂದು ಅನುಮತಿಯಾಗಲಿ ಇದ್ದರೆ ಮಾತ್ರ ಆ ಕಾಲಮ್ ಅಲ್ಲಿ ಕಾಣಿಸುತ್ತದೆ. ಟೇಬಲ್‌ನ ನಾಲ್ಕು ಕಾಲಮ್‌ಗಳ ಮೇಲಷ್ಟೇ ಸೆಲೆಕ್ಟ್ ಅನುಮತಿ ಕೊಟ್ಟಿದ್ದರೆ ಆ ನಾಲ್ಕೇ ಕಾಣುತ್ತವೆ, ಐದನೆಯದಾದ ಮೊಬೈಲ್ ಸಂಖ್ಯೆಯ ಕಾಲಮ್‌ನ ಸುಳಿವೂ ಸಿಗುವುದಿಲ್ಲ. ಸೂಕ್ಷ್ಮ ಮಾಹಿತಿಯ ಕಾಲಮ್‌ಗಳಿಗೇ ಅನುಮತಿ ಬಿಗಿಯಾಗಿರುವುದರಿಂದ, ನಾವು ಹುಡುಕಲು ಹೊರಟವೇ ಮರೆಯಾಗಿರುವ ಸಂಭವ ಹೆಚ್ಚು.

ಇದನ್ನು ಖಚಿತಪಡಿಸಿಕೊಳ್ಳಲು ಅದೇ ಮಾದರಿಯನ್ನು ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಟಲಾಗ್ ಆದ ಪಿಜಿ_ಆಟ್ರಿಬ್ಯೂಟ್ ಟೇಬಲ್ ಮೇಲೆ ಓಡಿಸಬೇಕು:

ಸೆಲೆಕ್ಟ್ ಸಿ.ರೆಲ್‌ನೇಮ್‌ಸ್ಪೇಸ್::ರೆಗ್‌ನೇಮ್‌ಸ್ಪೇಸ್, ಸಿ.ರೆಲ್‌ನೇಮ್, ಎ.ಆಟ್‌ನೇಮ್ ಫ್ರಮ್ ಪಿಜಿ_ಆಟ್ರಿಬ್ಯೂಟ್ ಎ ಜಾಯಿನ್ ಪಿಜಿ_ಕ್ಲಾಸ್ ಸಿ ಆನ್ ಸಿ.ಒಐಡಿ = ಎ.ಆಟ್‌ರೆಲ್‌ಐಡಿ ವೇರ್ ಎ.ಆಟ್‌ನಮ್ > 0 ಆಂಡ್ ನಾಟ್ ಎ.ಆಟ್‌ಇಸ್‌ಡ್ರಾಪ್ಡ್ ಆಂಡ್ ಸಿ.ರೆಲ್‌ಕೈಂಡ್ ಇನ್ ('ಆರ್','ಪಿ','ವಿ','ಎಂ','ಎಫ್') ಆಂಡ್ ಎ.ಆಟ್‌ನೇಮ್ ಐಲೈಕ್ '%ಮಾಬ್%';

ಇಲ್ಲಿನ ಪ್ರತಿಯೊಂದು ಷರತ್ತಿಗೂ ಕಾರಣವಿದೆ. ಆಟ್‌ನಮ್ ಸೊನ್ನೆಗಿಂತ ಹೆಚ್ಚಿರಬೇಕೆಂದು ಹೇಳದಿದ್ದರೆ ಡೇಟಾಬೇಸ್ ತನಗಾಗಿ ಇಟ್ಟುಕೊಂಡ ಕಾಲಮ್‌ಗಳೂ ಬರುತ್ತವೆ. ಡ್ರಾಪ್ ಮಾಡಿದ ಕಾಲಮ್‌ನ ಸಾಲು ಕ್ಯಾಟಲಾಗ್‌ನಿಂದ ಕೂಡಲೇ ಹೋಗುವುದಿಲ್ಲ, ಚುಕ್ಕೆಗಳಿಂದ ಕೂಡಿದ ಬೇರೊಂದು ಹೆಸರು ಪಡೆದು ಉಳಿದಿರುತ್ತದೆ. ಆದ್ದರಿಂದ ಎರಡನೆಯ ಷರತ್ತು ಬೇಕು. ರೆಲ್‌ಕೈಂಡ್ ಹೇಳದಿದ್ದರೆ ಇಂಡೆಕ್ಸ್‌ಗಳ ಒಳಗಿನ ಕಾಲಮ್‌ಗಳೂ ಸೇರಿಕೊಂಡು ಒಂದೇ ಹೆಸರು ಹಲವು ಬಾರಿ ಕಾಣುತ್ತದೆ.

ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದೋಷದ ಜಾಗ ಬಹುಮಟ್ಟಿಗೆ ತಿಳಿಯುತ್ತದೆ. ಎರಡರಲ್ಲೂ ಇಲ್ಲದಿದ್ದರೆ ತೊಂದರೆ ಮಾದರಿಯಲ್ಲೋ ಹೆಸರಿನಲ್ಲೋ ಇದೆ. ಪಿಜಿ_ಆಟ್ರಿಬ್ಯೂಟ್‌ನಲ್ಲಿದ್ದು ಇನ್ಫರ್ಮೇಶನ್ ಸ್ಕೀಮಾದಲ್ಲಿ ಇಲ್ಲದಿದ್ದರೆ ಒಂದೋ ಅನುಮತಿಯ ಕೊರತೆ, ಇಲ್ಲವೇ ಆ ಕಾಲಮ್ ಮೆಟೀರಿಯಲೈಸ್ಡ್ ವ್ಯೂ (ಕ್ವೆರಿಯ ಫಲಿತಾಂಶವನ್ನೇ ಪ್ರತಿ ಮಾಡಿ ಇಟ್ಟುಕೊಳ್ಳುವ ವ್ಯೂ) ಒಂದಕ್ಕೆ ಸೇರಿದ್ದು. ಮೆಟೀರಿಯಲೈಸ್ಡ್ ವ್ಯೂ ಮಾನಕದಲ್ಲಿ ಇಲ್ಲದ ಕಾರಣ ಪೋಸ್ಟ್‌ಗ್ರೆಸ್ ಅದನ್ನು ಇನ್ಫರ್ಮೇಶನ್ ಸ್ಕೀಮಾದಲ್ಲಿ ತೋರಿಸುವುದೇ ಇಲ್ಲ, ನೀವು ಅದರ ಮಾಲೀಕರಾಗಿದ್ದರೂ ಸಹ. ವರದಿಗಳಿಗಾಗಿ ಮೂಲ ಟೇಬಲ್‌ನಿಂದ ಪ್ರತಿ ಮಾಡಿಟ್ಟ ಮೊಬೈಲ್ ಸಂಖ್ಯೆಗಳು ಹೀಗೆ ಮೆಟೀರಿಯಲೈಸ್ಡ್ ವ್ಯೂಗಳಲ್ಲಿ ಉಳಿದುಹೋಗುವುದು ಅಪರೂಪವಲ್ಲ.

ಪಿಜಿ_ಆಟ್ರಿಬ್ಯೂಟನ್ನು ಸಾಮಾನ್ಯ ಬಳಕೆದಾರರೂ ಓದಬಹುದಾದ್ದರಿಂದ, ಹೆಸರು ಹುಡುಕುವುದಕ್ಕಾಗಿ ಸೂಪರ್‌ಯೂಸರ್ ಲಾಗಿನ್ ಕೇಳುವ ಅಗತ್ಯವಿಲ್ಲ, ಕೇಳಬಾರದು ಕೂಡ. ಉಳಿದ ಡೇಟಾಬೇಸ್‌ಗಳಲ್ಲಿ ಇಷ್ಟು ಸಲೀಸಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ ಸಿಸ್.ಕಾಲಮ್ಸ್ ವ್ಯೂ ಕೂಡ ಅನುಮತಿಗೆ ತಕ್ಕಂತೆ ಸೋಸಿದ ಸಾಲುಗಳನ್ನೇ ಕೊಡುತ್ತದೆ, ಅಲ್ಲಿ ವ್ಯೂ ಡೆಫಿನಿಷನ್ ಎಂಬ ಅನುಮತಿಯನ್ನು ಕೇಳಿ ಪಡೆಯಬೇಕು. ಅದು ರಚನೆಯನ್ನು ತೋರಿಸುತ್ತದೆಯೇ ಹೊರತು ಒಳಗಿನ ಮಾಹಿತಿಯನ್ನು ಓದಲು ಬಿಡುವುದಿಲ್ಲ. ಒರಾಕಲ್‌ನಲ್ಲಿ ಯೂಸರ್_ಟ್ಯಾಬ್_ಕಾಲಮ್ಸ್ ಎಂಬುದು ಸ್ವಂತ ಟೇಬಲ್‌ಗಳನ್ನೂ, ಆಲ್ ಎಂದು ಆರಂಭವಾಗುವುದು ದಕ್ಕುವ ಟೇಬಲ್‌ಗಳನ್ನೂ, ಡಿಬಿಎ ಎಂದು ಆರಂಭವಾಗುವುದು ಎಲ್ಲವನ್ನೂ ತೋರಿಸುತ್ತದೆ. ಮೂರರಲ್ಲಿ ಯಾವುದರಿಂದ ಹುಡುಕಿದಿರಿ ಎಂದು ಬರೆದಿಡದ ಒರಾಕಲ್ ವರದಿಯನ್ನು ನಂಬಲಾಗದು. ಒರಾಕಲ್‌ನಲ್ಲಿ ಸಿನೊನಿಮ್ (ಟೇಬಲ್‌ಗೆ ಕೊಟ್ಟ ಬದಲಿ ಹೆಸರು) ಮೂಲಕ ಬಳಸುವ ಟೇಬಲ್‌ನ ಕಾಲಮ್‌ಗಳು ಸಿನೊನಿಮ್‌ನ ಹೆಸರಿನಡಿ ಬರದೆ ಮೂಲ ಟೇಬಲ್ ಮತ್ತು ಅದರ ಮಾಲೀಕರ ಹೆಸರಿನಲ್ಲಿ ಬರುತ್ತವೆ ಎಂಬುದೂ ನೆನಪಿರಲಿ.

ಮಾದರಿಯಲ್ಲಿ ಅಡಗಿರುವ ತಪ್ಪುಗಳು

ಪೋಸ್ಟ್‌ಗ್ರೆಸ್‌ನಲ್ಲಿ ಲೈಕ್ ಎಂಬುದು ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆ ಬೇರೆಯೆಂದು ಎಣಿಸುತ್ತದೆ, ಐಲೈಕ್ ಎಣಿಸುವುದಿಲ್ಲ. ಉದ್ಧರಣ ಚಿಹ್ನೆ ಹಾಕದೆ ಟೇಬಲ್ ರಚಿಸಿದರೆ ಹೆಸರುಗಳೆಲ್ಲ ಸಣ್ಣಕ್ಷರಕ್ಕೆ ಇಳಿಯುತ್ತವೆ, ಹಾಗಾಗಿ ಲೈಕ್ ಬಹುಕಾಲ ತೊಂದರೆ ಕೊಡದೆ ನಡೆಯುತ್ತದೆ. ಪ್ರೋಗ್ರಾಮ್ ಒಂದು ಉದ್ಧರಣ ಚಿಹ್ನೆಯೊಂದಿಗೆ, ನಡುವೆ ದೊಡ್ಡಕ್ಷರ ಇಟ್ಟು ಟೇಬಲ್ ರಚಿಸಿದ ದಿನ ಆ ಹುಡುಕಾಟ ವಿಫಲವಾಗುತ್ತದೆ. ಒರಾಕಲ್‌ನಲ್ಲಿ ಹೆಸರುಗಳು ದೊಡ್ಡಕ್ಷರಕ್ಕೆ ಏರುವುದರಿಂದ ಸಣ್ಣಕ್ಷರದ ಮಾದರಿ ಏನನ್ನೂ ತರುವುದಿಲ್ಲ, ಅಲ್ಲಿ ಎರಡೂ ಬದಿಯನ್ನು ಅಪ್ಪರ್ ಫಂಕ್ಷನ್‌ನಿಂದ ಸಮ ಮಾಡಿಕೊಳ್ಳಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು ಕೊಲೇಶನ್‌ಗೆ (ಅಕ್ಷರಗಳನ್ನು ಹೋಲಿಸುವ ನಿಯಮಕ್ಕೆ) ಬಿಟ್ಟ ವಿಷಯ.

ಅಂಡರ್‌ಸ್ಕೋರ್ ಉಂಟುಮಾಡುವ ದೋಷ ಬೇರೆ ಬಗೆಯದು. ಲೈಕ್ ಮಾದರಿಯಲ್ಲಿ ಅದು ಯಾವುದೇ ಒಂದು ಅಕ್ಷರಕ್ಕೆ ಹೊಂದುವ ಚಿಹ್ನೆಯಾದ್ದರಿಂದ, 'ಇಸ್_%' ಎಂದು ಬರೆದು ಹೌದು-ಅಲ್ಲ ಉತ್ತರದ ಕಾಲಮ್‌ಗಳನ್ನಷ್ಟೇ ನಿರೀಕ್ಷಿಸಿದವರಿಗೆ, ಇಂಗ್ಲಿಷಿನಲ್ಲಿ ಅದೇ ಎರಡು ಅಕ್ಷರಗಳಿಂದ ಆರಂಭವಾಗುವ ಇಶ್ಯೂ_ಡೇಟ್, ಐಎಸ್‌ಬಿಎನ್ ಮುಂತಾದವೂ ಬರುತ್ತವೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಅಂಡರ್‌ಸ್ಕೋರ್‌ನ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸಾಕು. ಒರಾಕಲ್ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ಎಸ್ಕೇಪ್ ಎಂಬ ಪದ ಬಳಸಿ ಆ ಚಿಹ್ನೆ ಯಾವುದೆಂದು ಹೇಳಲೇಬೇಕು, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಡರ್‌ಸ್ಕೋರನ್ನು ಚೌಕ ಆವರಣದೊಳಗೆ ಇಟ್ಟರೂ ನಡೆಯುತ್ತದೆ.

ಡೇಟಾಬೇಸ್‌ನ ಕಿಟಕಿಯಲ್ಲಿ ಸರಿಯಾಗಿ ನಡೆಯುವ ಕ್ವೆರಿ ಪೈಥಾನ್ ಪ್ರೋಗ್ರಾಮ್‌ನಲ್ಲಿ ಮುಗ್ಗರಿಸಿದರೆ ಶೇಕಡಾ ಚಿಹ್ನೆಯನ್ನು ನೋಡಿ. ಸೈಕಾಪ್‌ಜಿ2 ಎಂಬ ಡ್ರೈವರ್‌ನಲ್ಲಿ ಕ್ವೆರಿಗೆ ಬೇರೆ ಮೌಲ್ಯಗಳನ್ನು ಜೊತೆಗೆ ಕೊಡುವಾಗ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥವಿರುವುದರಿಂದ, ಕ್ವೆರಿಯೊಳಗಿನ ಪ್ರತಿ ಶೇಕಡಾ ಚಿಹ್ನೆಯನ್ನು ಎರಡೆರಡು ಬಾರಿ ಬರೆಯಬೇಕು. ಅದಕ್ಕಿಂತ ಒಳ್ಳೆಯ ಪದ್ಧತಿಯೆಂದರೆ ಇಡೀ ಮಾದರಿಯನ್ನೇ ಒಂದು ಮೌಲ್ಯವಾಗಿ ಕಳುಹಿಸುವುದು.

ಕಣ್ಣಿಗೆ ಕಾಣದ ಅಕ್ಷರಗಳು ಮತ್ತು ಕತ್ತರಿಸಿದ ಹೆಸರುಗಳು

ಮಾದರಿ ಸರಿಯಿದೆ, ಅನುಮತಿ ಇದೆ, ಕಾಲಮ್ ಕಣ್ಣೆದುರಿಗೇ ಇದೆ, ಆದರೂ ಹೊಂದುತ್ತಿಲ್ಲ ಎಂದಾಗ ಹೆಸರಿನ ಬೈಟ್‌ಗಳನ್ನೇ ನೋಡಬೇಕು. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿದ ಕಡತದ ಮೊದಲಲ್ಲಿ ಇಎಫ್, ಬಿಬಿ, ಬಿಎಫ್ ಎಂಬ ಮೂರು ಬೈಟ್‌ಗಳ ಒಂದು ಅದೃಶ್ಯ ಗುರುತು ಇರುತ್ತದೆ. ತಲೆಸಾಲನ್ನು ಓದಿ ತಾನೇ ಟೇಬಲ್ ರಚಿಸುವ ಸಾಧನ ಅದನ್ನು ತೆಗೆಯದಿದ್ದರೆ, ಆ ಗುರುತು ಮೊದಲ ಕಾಲಮ್‌ನ ಹೆಸರಿಗೆ ಅಂಟಿಕೊಳ್ಳುತ್ತದೆ. ಲಕ್ಷಣ ಸ್ಪಷ್ಟವಾಗಿರುತ್ತದೆ: ಟೇಬಲ್‌ನ ಮೊದಲ ಕಾಲಮ್ ಮಾತ್ರ 'ಮಾಬ್%' ಎಂಬ ಮಾದರಿಗೆ ಸಿಗದೆ '%ಮಾಬ್%' ಎಂಬುದಕ್ಕೆ ಸಿಗುತ್ತದೆ, ಮತ್ತು ಪೂರ್ತಿ ಹೆಸರು ಬರೆದು ಸೆಲೆಕ್ಟ್ ಮಾಡಿದರೆ ಅಂಥ ಕಾಲಮ್ ಇಲ್ಲವೆಂಬ ಸಂದೇಶ ಬರುತ್ತದೆ. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಇದೇ ರೀತಿ, ಈ ಬಾರಿ ಕೊನೆಯಿಂದ ಹುಡುಕುವ '%ನಂ' ಎಂಬಂಥ ಮಾದರಿಯನ್ನು ಕೆಡಿಸುತ್ತದೆ.

ಕನ್ನಡದಲ್ಲೇ ಹೆಸರಿಟ್ಟ ಕಾಲಮ್‌ಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪೋಸ್ಟ್‌ಗ್ರೆಸ್ ಹೆಸರಿಗೆ 63 ಬೈಟ್‌ಗಳ ಮಿತಿ ಇಟ್ಟಿದೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ, ಎಂದರೆ ವ್ಯಂಜನ, ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರದ ಚಿಹ್ನೆ) ಒಂದೊಂದೂ, 3 ಬೈಟ್ ತೆಗೆದುಕೊಳ್ಳುತ್ತದೆ. ಹಾಗಾಗಿ 21 ಸಂಕೇತಗಳಲ್ಲಿ ಮಿತಿ ಮುಗಿಯುತ್ತದೆ. ಫಲಾನುಭವಿಯ_ಬ್ಯಾಂಕ್_ಖಾತೆ_ಸಂಖ್ಯೆ ಎಂಬ ಹೆಸರನ್ನು ತೆಗೆದುಕೊಳ್ಳಿ. 'ಫಲಾನುಭವಿಯ' ಎಂಬುದಕ್ಕೆ 27, 'ಬ್ಯಾಂಕ್' ಎಂಬುದಕ್ಕೆ 21, 'ಖಾತೆ' ಎಂಬುದಕ್ಕೆ 12, ಮೂರು ಅಂಡರ್‌ಸ್ಕೋರ್‌ಗಳಿಗೆ 3, ಒಟ್ಟು 63 ಅಲ್ಲಿಗೇ ತುಂಬಿತು. 'ಸಂಖ್ಯೆ' ಎಂಬ ಪದ ಪೂರ್ತಿಯಾಗಿ ಕತ್ತರಿಸಿಹೋಗಿ, ಅಂಡರ್‌ಸ್ಕೋರ್‌ನಲ್ಲಿ ಕೊನೆಗೊಳ್ಳುವ ಹೆಸರು ಕ್ಯಾಟಲಾಗ್ ಸೇರುತ್ತದೆ. ರಚಿಸುವಾಗ ಒಂದು ಸೂಚನೆ ಬರುತ್ತದೆಯಾದರೂ ಅದು ದೋಷವಲ್ಲದ ಕಾರಣ ಕೆಲಸ ನಿಲ್ಲುವುದಿಲ್ಲ. ಮುಂದೆ ಯಾರಾದರೂ ಪೂರ್ತಿ ಹೆಸರು ಬರೆದು ಸೆಲೆಕ್ಟ್ ಮಾಡಿದರೆ, ಕ್ವೆರಿಯೊಳಗಿನ ಹೆಸರೂ ಅದೇ ರೀತಿ ಕತ್ತರಿಸಲ್ಪಟ್ಟು ಉತ್ತರ ಸರಿಯಾಗಿಯೇ ಬರುತ್ತದೆ. '%ಸಂಖ್ಯೆ%' ಎಂದು ಹುಡುಕಿದಾಗ ಮಾತ್ರ ಏನೂ ಸಿಗುವುದಿಲ್ಲ. ನಡೆಯುತ್ತಿರುವ ಕ್ವೆರಿಯಲ್ಲಿರುವ ಹೆಸರು ಕ್ಯಾಟಲಾಗ್‌ನಲ್ಲಿ ಸಿಗುತ್ತಿಲ್ಲವೆಂದರೆ ಮೊದಲು ಆಕ್ಟೆಟ್_ಲೆಂತ್ ಫಂಕ್ಷನ್‌ನಿಂದ ಬೈಟ್‌ಗಳನ್ನು ಎಣಿಸಿ, 61ರಿಂದ 63ರವರೆಗಿನ ಉದ್ದದ ಹೆಸರುಗಳನ್ನೆಲ್ಲ ಅನುಮಾನದಿಂದ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಮಿತಿ 64 ಅಕ್ಷರ ಮತ್ತು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 128 ಅಕ್ಷರವಾಗಿದ್ದು ಬೈಟ್‌ಗಳ ಲೆಕ್ಕವಿಲ್ಲದ ಕಾರಣ ಅಲ್ಲಿ ಕನ್ನಡಕ್ಕೆ ಇಷ್ಟು ಇಕ್ಕಟ್ಟಿಲ್ಲ. ಒರಾಕಲ್‌ನ 12.1ರವರೆಗಿನ ಆವೃತ್ತಿಗಳಲ್ಲಿ 30 ಬೈಟ್‌ಗಳಷ್ಟೇ ಇದ್ದ ಮಿತಿ 12.2ರಿಂದ 128 ಬೈಟ್‌ಗಳಿಗೆ ಏರಿದೆ.

ಎರಡನೆಯದಾಗಿ, ಕನ್ನಡ ಬರೆಯುವಾಗ ಒತ್ತಕ್ಷರ ಕೂಡಿಕೊಳ್ಳದಂತೆ ತಡೆಯಲು ನಾವು ಬಳಸುವ ಶೂನ್ಯ ಅಗಲದ ವಿಭಜಕ, ಅಂಡರ್‌ಸ್ಕೋರ್‌ಗೆ ಮುಂಚೆ ಅಥವಾ ಹೆಸರಿನ ಕೊನೆಯಲ್ಲಿ ಬಂದರೆ ಕಣ್ಣಿಗೆ ಕಾಣುವುದೇ ಇಲ್ಲ. 'ಬ್ಯಾಂಕ್' ಎಂಬುದರ ಬಳಿಕ ಅದನ್ನು ಒತ್ತಿ ಅಂಡರ್‌ಸ್ಕೋರ್ ಹಾಕಿದ ಹೆಸರು ಮತ್ತು ಒತ್ತದೆ ಹಾಕಿದ ಹೆಸರು ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಡೇಟಾಬೇಸ್‌ಗೆ ಬೇರೆ ಬೇರೆ.

ಮೂರನೆಯದು ಸ್ವರಚಿಹ್ನೆಗಳ ಸಂಯೋಜನೆ. 'ಹೋಬಳಿ' ಎಂಬ ಪದದ ಓ ಕಾರ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎ ಕಾರದ ಚಿಹ್ನೆ, ಊ ಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಇರಬಹುದು. ಮೊದಲ ರೂಪದಲ್ಲಿ ಕ್ಯಾರ್_ಲೆಂತ್ 5 ಎನ್ನುತ್ತದೆ, ಎರಡನೆಯದರಲ್ಲಿ 7. ಹೆಸರನ್ನು ಹೋಲಿಸುವ ಮೊದಲು ಎರಡೂ ಬದಿಯನ್ನು ನಾರ್ಮಲೈಸ್ ಫಂಕ್ಷನ್‌ಗೆ ಕೊಟ್ಟು ಒಂದೇ ರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಫಂಕ್ಷನ್ 13ನೆಯ ಆವೃತ್ತಿಯಿಂದ ಇದೆ. ಆದರೆ ಅದು ಶೂನ್ಯ ಅಗಲದ ವಿಭಜಕವನ್ನು ತೆಗೆಯುವುದಿಲ್ಲ. ಅದಕ್ಕೆ ಟ್ರಾನ್ಸ್‌ಲೇಟ್ ಫಂಕ್ಷನ್ ಬಳಸಿ 8204, 8205 ಮತ್ತು 65279 ಎಂಬ ಸಂಖ್ಯೆಯ ಸಂಕೇತಗಳನ್ನು ಹೆಸರಿನಿಂದಲೂ ಮಾದರಿಯಿಂದಲೂ ಪ್ರತ್ಯೇಕವಾಗಿ ಅಳಿಸಬೇಕು. ಈ ಮೂರನ್ನು ಹೊಂದಿರುವ ಹೆಸರುಗಳ ಪಟ್ಟಿಯನ್ನು ಒಮ್ಮೆ ತೆಗೆದು, ಸಾಧ್ಯವಿರುವಲ್ಲಿ ಕಾಲಮ್‌ಗಳಿಗೆ ಮರುನಾಮಕರಣ ಮಾಡಿಸುವುದು ಪ್ರತಿ ಹುಡುಕಾಟದಲ್ಲೂ ಅಳಿಸುತ್ತ ಕೂರುವುದಕ್ಕಿಂತ ಉತ್ತಮ.

ಹೆಸರು ಬೇರೆಯಾಗಿರುವ ಅಥವಾ ಕಾಲಮ್ಮೇ ಅಲ್ಲದ ಸಂದರ್ಭ

ಇಷ್ಟರ ಬಳಿಕವೂ ಸಿಗದಿದ್ದರೆ ಕಾಗುಣಿತದ ಕಡೆ ತಿರುಗಬೇಕು. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಹೋಬ್ಲಿ, ಹೋಬಳಿ, ತಾಲೂಕ್, ತಾಲೂಕಾ, ಟಿಕ್ಯೂ ಎಂದು ಒಂದೊಂದು ಟೇಬಲ್‌ನಲ್ಲಿ ಒಂದೊಂದು ರೂಪವಿರುತ್ತದೆ. ಮೊಬೈಲ್ ಸಂಖ್ಯೆಯಂತೂ ಮಾಬ್_ನಂ, ಫೋನ್1, ಕಾಂಟ್ಯಾಕ್ಟ್, ದೂರವಾಣಿ ಎಂಬ ಯಾವ ಹೆಸರಿನಲ್ಲಾದರೂ ಇರಬಹುದು. ಇಂಥಲ್ಲಿ ಐಲೈಕ್ ಬಿಟ್ಟು ಪೋಸ್ಟ್‌ಗ್ರೆಸ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಹೋಲಿಕೆಯನ್ನು ಬಳಸಿ, ನಿಲುಗೆರೆಯಿಂದ ಬೇರ್ಪಡಿಸಿದ ಹಲವು ತುಣುಕುಗಳನ್ನು ಒಂದೇ ಬಾರಿಗೆ ಹುಡುಕಬಹುದು. ಲೈಕ್ ಇಡೀ ಹೆಸರಿಗೆ ಹೊಂದಬೇಕಾದರೆ ಇದು ಹೆಸರಿನ ಯಾವ ಭಾಗಕ್ಕೆ ಹೊಂದಿದರೂ ಸಾಕಾದ್ದರಿಂದ, ಇಲ್ಲಿ ಶೇಕಡಾ ಚಿಹ್ನೆ ಹಾಕಬಾರದು. ಹಾಕಿದರೆ ಅದು ಸಾಮಾನ್ಯ ಅಕ್ಷರವೆಂದೇ ಪರಿಗಣಿತವಾಗಿ ಮತ್ತೆ ಸೊನ್ನೆ ಸಾಲು ಬರುತ್ತದೆ.

ಸಂಖ್ಯೆ ಜೆಸನ್‌ಬಿ ಬಗೆಯ, ಎಂದರೆ ಹೆಸರು-ಮೌಲ್ಯದ ಜೋಡಿಗಳನ್ನು ಒಟ್ಟಿಗೆ ಇಡುವ, ಕಾಲಮ್ ಒಂದರ ಒಳಗಿನ ಕೀಲಿಯಾಗಿದ್ದರೆ ಯಾವ ಕ್ಯಾಟಲಾಗ್‌ನಲ್ಲೂ ಅದರ ಹೆಸರಿಲ್ಲ. ಅಂಥ ಬಗೆಯ ಕಾಲಮ್‌ಗಳನ್ನು ಡೇಟಾ_ಟೈಪ್ ಮೂಲಕ ಪಟ್ಟಿ ಮಾಡಿ, ಜೆಸನ್‌ಬಿ_ಆಬ್ಜೆಕ್ಟ್_ಕೀಸ್ ಫಂಕ್ಷನ್‌ನಿಂದ ಒಳಗಿನ ಕೀಲಿಗಳನ್ನು ತೆಗೆದು ಪ್ರತ್ಯೇಕವಾಗಿ ಹುಡುಕಬೇಕು.

ಸಿಕ್ಕ ಕಾಲಮ್‌ಗಳನ್ನು ಬಳಸುವಾಗ

ಹೆಸರುಗಳು ಸಿಕ್ಕ ಮೇಲೆ ಆ ಕಾಲಮ್‌ಗಳ ಮಾಹಿತಿಯನ್ನಷ್ಟೇ ತೆಗೆಯಲು ಸೆಲೆಕ್ಟ್‌ನ ಜಾಗದಲ್ಲಿ ನೇರವಾಗಿ ಮಾದರಿಯನ್ನು ಬರೆಯುವುದು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ನಲ್ಲಿ ಸಾಧ್ಯವಿಲ್ಲ, ಏಕೆಂದರೆ ಯಾವ ಕಾಲಮ್‌ಗಳು ಬೇಕೆಂಬುದು ಕ್ವೆರಿ ಓಡುವ ಮೊದಲೇ ನಿಶ್ಚಯವಾಗಿರಬೇಕು. ಡಕ್‌ಡಿಬಿ ಮತ್ತು ಸ್ನೋಫ್ಲೇಕ್‌ನಲ್ಲಿ ಈ ಸೌಲಭ್ಯ ಇದೆ. ಉಳಿದೆಡೆ ಕ್ಯಾಟಲಾಗ್‌ನಿಂದ ಹೆಸರುಗಳನ್ನು ಜೋಡಿಸಿ ಹೊಸ ಕ್ವೆರಿಯೊಂದನ್ನು ಕಟ್ಟಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರಿಂಗ್_ಆಗ್ ಫಂಕ್ಷನ್‌ನೊಳಗೆ ಪ್ರತಿ ಹೆಸರನ್ನೂ ಕೋಟ್_ಐಡೆಂಟ್‌ಗೆ ಕೊಟ್ಟೇ ಜೋಡಿಸುವುದು ಕಡ್ಡಾಯ: ದೊಡ್ಡಕ್ಷರ, ಖಾಲಿ ಜಾಗ ಅಥವಾ ದುರುದ್ದೇಶದ ತುಣುಕು ಇರುವ ಹೆಸರು ಹಾಗೆಯೇ ಸೇರಿದರೆ ಕ್ವೆರಿ ಒಡೆಯುತ್ತದೆ, ಇಲ್ಲವೇ ಬರೆದವರು ಎಣಿಸದ ಕೆಲಸ ಮಾಡುತ್ತದೆ. ಹೀಗೆ ಕಟ್ಟಿದ ಕ್ವೆರಿಯನ್ನು ಪೋಸ್ಟ್‌ಗ್ರೆಸ್‌ನ ಆಜ್ಞಾಸಾಲಿನ ಸಾಧನವಾದ ಪಿಎಸ್‌ಕ್ಯೂಎಲ್‌ನಲ್ಲಿ ಜಿಎಕ್ಸೆಕ್ ಆಜ್ಞೆಯಿಂದ ಅಲ್ಲಿಂದಲೇ ಓಡಿಸಬಹುದು.

ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ಬಳಸುವ ಗ್ರೂಪ್_ಕಾನ್ಕ್ಯಾಟ್ ಫಂಕ್ಷನ್‌ನ ಫಲಿತಾಂಶ ಮೂಲ ಹೊಂದಿಕೆಯಲ್ಲಿ 1024 ಬೈಟ್‌ಗೆ ಕತ್ತರಿಸಲ್ಪಡುತ್ತದೆ. ಕಾಲಮ್‌ಗಳು ಹೆಚ್ಚಿದ್ದಾಗ ಕೊನೆಯ ಹೆಸರುಗಳು ಬಿದ್ದುಹೋಗುತ್ತವೆ. ಕಡಿತ ಹೆಸರಿನ ನಡುವೆ ಆಗಿದ್ದರೆ ಕ್ವೆರಿ ದೋಷ ಕೊಟ್ಟು ನಿಲ್ಲುವ ಸಂಭವವಾದರೂ ಇದೆ. ಸರಿಯಾಗಿ ಹೆಸರಿನ ಕೊನೆಗೆ ಆಗಿದ್ದರೆ ಕ್ವೆರಿ ಓಡಿ, ಅಪೂರ್ಣವಾದ ಫಲಿತಾಂಶವನ್ನು ಪೂರ್ಣವೆಂಬಂತೆ ಕೊಡುತ್ತದೆ. ಆದ್ದರಿಂದ ಗ್ರೂಪ್_ಕಾನ್ಕ್ಯಾಟ್_ಮ್ಯಾಕ್ಸ್_ಲೆನ್ ಎಂಬ ಮಿತಿಯನ್ನು ಆ ಸೆಷನ್‌ನಲ್ಲಿ ಮೊದಲೇ ಹೆಚ್ಚಿಸಿ, ಕಟ್ಟಿದ ಕ್ವೆರಿಯಲ್ಲಿರುವ ಕಾಲಮ್‌ಗಳ ಸಂಖ್ಯೆ ಕ್ಯಾಟಲಾಗ್ ಕೊಟ್ಟ ಸಾಲುಗಳ ಸಂಖ್ಯೆಗೆ ಸಮನಾಗಿದೆಯೇ ಎಂದು ಎಣಿಸಿ ನೋಡಿದ ನಂತರವೇ ಅದನ್ನು ಓಡಿಸಬೇಕು.